ಅಂದಂದಿನ ಅನ್ನ, ಅಂದಂದಿನ ಧೈರ್ಯ

ರಾಮನಗರ, ಮಾಗಡಿ, ಕನಕಪುರ ಸೀಮೆಯ ಚರಿತ್ರೆಯನ್ನು ಹೇಳಹೊರಟವರು ಕಲ್ಲಿನಿಂದಲೇ ಶುರುಮಾಡುತ್ತಾರೆ. ಸಾವನದುರ್ಗದ ಹೆಬ್ಬಂಡೆ, ರಾಮದೇವರ ಬೆಟ್ಟ, 2015ರಲ್ಲಿ ಮಾಗಡಿಯ ಕೆಂಪಾಪುರದಲ್ಲಿ ಬೆಳಕಿಗೆ ಬಂದ ನಾಡಪ್ರಭು ಕೆಂಪೇಗೌಡರ ಸಮಾಧಿ, ಹೀಗೆ ಕಣ್ಣಿಗೆ ಎತ್ತರವಾಗಿ ಕಾಣುವುದರ ಸುತ್ತಲೇ ಮಾತು ಬೆಳೆಯುತ್ತದೆ. ಕನಕಪುರ ತಾಲ್ಲೂಕಿನ ಹಾರೋಬೆಲೆ ಎಂಬ ಕ್ರೈಸ್ತರ ಹಳ್ಳಿಯ ಹೆಸರು ನಾಡಿಗೆಲ್ಲ ಕೇಳಿಸಿದ್ದೂ ಕಲ್ಲಿನ ಕಾರಣಕ್ಕೇ. 2019ರ ಕ್ರಿಸ್‌ಮಸ್ ದಿನ ಅಲ್ಲಿನ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುಸ್ವಾಮಿಯ ಪ್ರತಿಮೆಗೆ ಶಂಕುಸ್ಥಾಪನೆ ನಡೆಯಿತು. ಮುಂದಿನ ತಿಂಗಳೇ ಪರ-ವಿರೋಧದ ಮೆರವಣಿಗೆ, ಜಮೀನಿನ ಜಗಳ, ರಾಜಕೀಯದ ಗದ್ದಲ ಎಲ್ಲ ಒಟ್ಟಿಗೆ ಎದ್ದವು. ಆ ಜಗಳದ ಸರಿತಪ್ಪುಗಳ ತೀರ್ಮಾನ ಈ ಲೇಖನದ ಕೆಲಸವಲ್ಲ. ಆದರೆ ಆ ಗದ್ದಲದಲ್ಲಿ ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ. ಪ್ರತಿಮೆ ಇಲ್ಲದೆಯೇ ಆ ಊರಿನ ನಂಬಿಕೆ ಇಷ್ಟು ತಲೆಮಾರು ಹೇಗೆ ನಿಂತಿತು? ಮಳೆ ಕೈಕೊಟ್ಟ ವರ್ಷ, ಮಗು ತೀರಿಕೊಂಡ ಮನೆ, ಸಾಲದ ಕಂತು, ಮುಗಿಯದ ಕಾಯಿಲೆ, ಇವುಗಳ ನಡುವೆ ಒಬ್ಬ ಸಾಮಾನ್ಯ ಕ್ರೈಸ್ತ ವಿಶ್ವಾಸಿಗೆ ಮಾರನೆಯ ಬೆಳಿಗ್ಗೆ ಏಳುವ ಧೈರ್ಯ ಎಲ್ಲಿಂದ ಬರುತ್ತದೆ?

ಇದಕ್ಕೆ ಇವತ್ತು ಸುಲಭವಾಗಿ ಸಿಗುವ ಉತ್ತರವೆಂದರೆ ಬೆಳಗಿನ ಮೊಬೈಲು. ಸೂರ್ಯೋದಯದ ಚಿತ್ರ, ಅದರ ಮೇಲೆ ಬೈಬಲಿನ ಒಂದು ವಾಕ್ಯ, ಕೆಳಗೆ ಕೈಮುಗಿದ ಗುರುತು. ಕಳಿಸುವವರ ಪ್ರೀತಿ ನಿಜವಾದದ್ದೇ, ಅದನ್ನು ಹಗುರವಾಗಿ ನೋಡಬೇಕಿಲ್ಲ. ಆದರೂ ಆ ವಾಕ್ಯ ಬಂದಷ್ಟೇ ಬೇಗ ಜಾರಿಹೋಗುತ್ತದೆ, ಏಕೆಂದರೆ ಅದು ಒಂಟಿ ಓದುಗನ ಒಂಟಿ ಕ್ಷಣಕ್ಕೆ ಮಾತ್ರ ತಲಪುತ್ತದೆ. ಕ್ರೈಸ್ತ ಪರಂಪರೆಯನ್ನು, ಅದರಲ್ಲೂ ಕನ್ನಡ ನೆಲದಲ್ಲಿ ಅದು ಬದುಕಿ ಬಂದ ಬಗೆಯನ್ನು ನೋಡಿದರೆ ನನಗೆ ಕಾಣುವುದು ಬೇರೆ. ಆ ಧರ್ಮ ಕೊಡುವ ಧೈರ್ಯ ಒಂದು ದಿನಕ್ಕೆ ಸಾಕಾಗುವಷ್ಟೇ ಇರುತ್ತದೆ, ಮತ್ತು ಹೆಚ್ಚಿನ ಪಾಲು ಇನ್ನೊಬ್ಬರ ಬಾಯಿಂದ, ಇನ್ನೊಬ್ಬರ ಕೈಯಿಂದ ಬರುತ್ತದೆ. ಆತ್ಮದ ಬೆಳವಣಿಗೆ ಎಂದು ಅದು ಕರೆಯುವುದು ಕೂಡ ಒಳಗೆ ಆಗುವ ಅನುಭವಕ್ಕಿಂತ ಜೊತೆಯವರ ಸಂಗಡ ನಡೆದುಕೊಳ್ಳುವ ರೀತಿಯಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. ಇದನ್ನು ಮರೆತಾಗ ಭಕ್ತಿ ಒಣಗುತ್ತದೆ, ಇಲ್ಲವೇ ವ್ಯಾಪಾರವಾಗುತ್ತದೆ.

ಚರಿತ್ರೆಯ ಸಾಕ್ಷಿಯಿಂದ ಹೊರಡೋಣ. ಮೈಸೂರು ರಾಜ್ಯಕ್ಕೆ ಕ್ರೈಸ್ತ ಧರ್ಮ ವ್ಯವಸ್ಥಿತವಾಗಿ ಬಂದದ್ದು 17ನೇ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲಕ್ಕೆ. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ನೆಲೆಗೊಂಡ. ಆತನೂ ಆತನ ಹಿಂದೆ ಬಂದವರೂ ಕಾವಿ ಉಟ್ಟು, ಮಾಂಸ ಬಿಟ್ಟು, ಈ ನೆಲದ ಸನ್ಯಾಸಿಗಳ ಹಾಗೆ ಬಾಳಿದರು. ಚಿನ್ನಾಮಿ ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕವನ್ನೂ ಸಂತರ ಚರಿತ್ರೆಗಳನ್ನೂ ಬರೆದ, ಕನ್ನಡಕ್ಕೆ ವ್ಯಾಕರಣ ಮತ್ತು ಪದಕೋಶವನ್ನೂ ಸಿದ್ಧಪಡಿಸಿದ. ಆಗ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಇಂದಿನ ಕನಕಪುರದ ಸುತ್ತಲಲ್ಲೂ ಈ ಮಿಷನ್ನಿನ ಸಭೆಗಳು ಬೆಳೆದವು. ಹಾರೋಬೆಲೆಯ ಕ್ರೈಸ್ತರು ತಮ್ಮ ಊರಿನ ನಂಬಿಕೆಯ ಬೇರನ್ನು ಆ ಜೆಸ್ವಿಟರ ಕಾಲಕ್ಕೇ ಒಯ್ಯುತ್ತಾರೆ. ಆದರೆ ಗಮನಿಸಬೇಕಾದ್ದು ಆರಂಭವನ್ನಲ್ಲ, ಆಮೇಲಿನದನ್ನು. 1759ರಲ್ಲಿ ಪೋರ್ಚುಗಲ್ ದೊರೆತನ ತನ್ನ ಸೀಮೆಗಳಿಂದ ಜೆಸ್ವಿಟರನ್ನು ಹೊರದೂಡಿತು. 1773ರಲ್ಲಿ ಪೋಪ್ ಹದಿನಾಲ್ಕನೇ ಕ್ಲೆಮೆಂಟ್ ಜೆಸ್ವಿಟ್ ಸಂಘವನ್ನೇ ವಿಸರ್ಜಿಸಿದರು. ಇತ್ತ ಮೈಸೂರಿನಲ್ಲಿ ಯುದ್ಧದ ಮೇಲೆ ಯುದ್ಧ. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದವರು ಈ ಕೆಲಸವನ್ನು ವಹಿಸಿಕೊಂಡರೂ ಇಷ್ಟು ದೊಡ್ಡ ಸೀಮೆಗೆ ಗುರುಗಳು ಬೆರಳೆಣಿಕೆಯಷ್ಟೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಸಂಘದ ಪಾದ್ರಿ ಆಬೆ ದುಬ್ವಾ ಮೈಸೂರು ಸೀಮೆಗೆ ಬಂದಾಗ ಕಂಡದ್ದು ಚದುರಿಹೋದ, ಬಡವಾದ, ಗುರುಗಳಿಲ್ಲದೆ ಕಾಲ ಕಳೆದ ಕ್ರೈಸ್ತ ಕುಟುಂಬಗಳನ್ನು.

ಜನ ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದ ಈ ದುಬ್ವಾ ಅಪಾರ ಶ್ರಮಜೀವಿ. ಹಾಸನ ಸೀಮೆಯಲ್ಲಿ ಬೇಸಾಯ ಮಾಡಿಕೊಂಡು ಬಾಳುವ ಕ್ರೈಸ್ತ ನೆಲೆಯನ್ನು ಕಟ್ಟಿದರು, ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಆದರೂ 1823ರಲ್ಲಿ ಭಾರತ ಬಿಟ್ಟು ಹೊರಟ ವರ್ಷವೇ ಅಚ್ಚಾದ ಪತ್ರಗಳಲ್ಲಿ ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯವಿಲ್ಲ ಎಂಬ ನಿರಾಶೆಯನ್ನೇ ಬರೆದರು. ಅವರ ಲೆಕ್ಕ ತಪ್ಪಾಗಿತ್ತೆಂದು ಹೇಳುವುದು ಅವಸರವಾದೀತು, ಹೊಸದಾಗಿ ಸೇರುವವರ ಸಂಖ್ಯೆಯನ್ನು ನೋಡಿ ಅವರು ಹಾಗೆ ಹೇಳಿದ್ದರು. ಆದರೆ ಸಂಖ್ಯೆಯ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಅವರ ಕಣ್ಣೆದುರಿಗೇ ಇತ್ತು. ಗುರುಗಳು ಬಾರದ ದಶಕಗಳಲ್ಲೂ ಆ ಮನೆಗಳು ನಂಬಿಕೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಅವರಲ್ಲಿ ಅಚ್ಚಾದ ಬೈಬಲ್ ಇರಲಿಲ್ಲ. ಬಳ್ಳಾರಿಯಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರ ಹೊತ್ತಿಗೆ. ಪೂಜೆಯ ಭಾಷೆ ಲ್ಯಾಟಿನ್, ಅದನ್ನು ನಡೆಸಿಕೊಡಲು ಗುರುಗಳೇ ಇಲ್ಲ. ಉಳಿದದ್ದು ಬಾಯಿಪಾಠದ ಜಪ, ಸಂಜೆ ದೀಪದ ಮುಂದೆ ಮನೆಮಂದಿ ಕೂಡಿ ಹೇಳುವ ಪ್ರಾರ್ಥನೆ, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವ, ಸತ್ತವರ ಮನೆಯಲ್ಲಿ ಪ್ರಾರ್ಥನೆ ನಡೆಸುವ ಊರಿನ ಉಪದೇಶಿ, ಹಬ್ಬದ ದಿನದ ಹಾಡು. ಪಂಡಿತರ ಕಣ್ಣಿಗೆ ಇವೆಲ್ಲ ಚಿಲ್ಲರೆ. ಆದರೆ ಗಟ್ಟಿಯಾಗಿ ಉಳಿದದ್ದು ಆ ಚಿಲ್ಲರೆಯೇ. ಮಹಾನುಭವಗಳಿಗಾಗಿ ಕಾದಿದ್ದರೆ ಆ ಸಭೆಗಳು ಎರಡು ತಲೆಮಾರೂ ಬಾಳುತ್ತಿರಲಿಲ್ಲ.

ಬೈಬಲೇ ಇದಕ್ಕೆ ತಕ್ಕ ಮಾತನ್ನು ಹೇಳುತ್ತದೆ. ಈಜಿಪ್ಟಿನ ಜೀತದಿಂದ ಹೊರಬಂದ ಇಸ್ರಾಯೇಲರು ಮರುಭೂಮಿಯಲ್ಲಿ ಹಸಿದಾಗ ಆಕಾಶದಿಂದ ಮನ್ನ ಬೀಳುವ ಕತೆ ವಿಮೋಚನಾಕಾಂಡದಲ್ಲಿದೆ. ಅಂದಂದಿಗೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕು, ನಾಳೆಗೆಂದು ಎತ್ತಿಟ್ಟದ್ದು ಹುಳು ಬಿದ್ದು ನಾರುತ್ತದೆ, ಸಬ್ಬತ್ ದಿನದ ಪಾಲಿಗೆ ಮಾತ್ರ ವಿನಾಯಿತಿ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಕೇಳಿಕೊಳ್ಳುವುದು ಕೂಡ ಆ ದಿನದ ಅನ್ನವನ್ನು. ಅದರಲ್ಲಿ ತಂದೆಯಿಂದ ಹಿಡಿದು ಅನ್ನದವರೆಗೆ, ತಪ್ಪಿನ ಕ್ಷಮೆಯವರೆಗೆ ಎಲ್ಲವೂ ನಮ್ಮದು. ನನ್ನದು ಎಂದು ಒಂದು ಸಲವೂ ಬರುವುದಿಲ್ಲ. ಒಬ್ಬಂಟಿಯಾಗಿ ಕೋಣೆಯಲ್ಲಿ ಕೂತು ಹೇಳಿದರೂ ಆ ಪ್ರಾರ್ಥನೆ ಹೇಳುವವನನ್ನು ಒಂದು ಪಂಕ್ತಿಯಲ್ಲಿ ಕೂರಿಸಿಬಿಡುತ್ತದೆ. ಇಬ್ರಿಯರಿಗೆ ಬರೆದ ಪತ್ರ ಇನ್ನೂ ನೇರ. ಒಬ್ಬರು ಇನ್ನೊಬ್ಬರಿಗೆ ದಿನದಿನವೂ ಧೈರ್ಯ ಹೇಳಿಕೊಳ್ಳಿ, ಕೂಡಿಬರುವ ರೂಢಿಯನ್ನು ಬಿಡಬೇಡಿ ಎಂಬುದು ಅದರ ತಾತ್ಪರ್ಯ. ಧೈರ್ಯವನ್ನು ಪಡೆದುಕೊಳ್ಳಿ ಎಂದು ಅಲ್ಲಿ ಹೇಳಿಲ್ಲ, ಕೊಡಿ ಎಂದಿದೆ. ಆ ಪತ್ರ ಹೋದದ್ದು ಕಷ್ಟಕ್ಕೆ ಸಿಲುಕಿ, ಆಸ್ತಿ ಕಳೆದುಕೊಂಡು, ನಂಬಿಕೆ ಸಡಿಲವಾಗುತ್ತಿದ್ದ ಜನರಿಗೆ. ಅಂಥವರಿಗೆ ಬೋಧಕನನ್ನು ಕಳಿಸುತ್ತೇನೆ ಎನ್ನದೆ ಪಕ್ಕದವನ ಕಡೆ ತಿರುಗಿ ಎಂದದ್ದು ಸಣ್ಣ ಮಾತಲ್ಲ.

ಧೈರ್ಯ ಹೇಳುವುದೆಂದರೆ ಉಪದೇಶ ಮಾಡುವುದು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಧಾರಾಳವಾಗಿದೆ. ಎಲೀಯನ ಕತೆಯನ್ನು ನೋಡಿ. ಅರಸಿ ಈಜೆಬೆಲಳ ಬೆದರಿಕೆಗೆ ಓಡಿಹೋದ ಪ್ರವಾದಿ ಒಂದು ಗಿಡದ ಕೆಳಗೆ ಕೂತು ಸಾವನ್ನೇ ಬೇಡುತ್ತಾನೆ. ಅವನಿಗೆ ಬಂದ ದೇವದೂತ ನಂಬಿಕೆಯ ಪಾಠ ಹೇಳುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಇಟ್ಟು ಎಬ್ಬಿಸುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ, ದೂತ ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ದೇವರ ಮಾತು ಕೇಳಿಸುವುದು ಊಟ, ನಿದ್ದೆ, ನಲವತ್ತು ದಿನದ ನಡಿಗೆ ಎಲ್ಲ ಆದ ಮೇಲೆ. ಇನ್ನು 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಗೋಳಿನವು, ದೂರಿನವು. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಇಂಥದ್ದನ್ನು ಪೂಜೆಯ ಪುಸ್ತಕದಲ್ಲಿ ಉಳಿಸಿಕೊಂಡ ಪರಂಪರೆ ಅಳುವವರ ಬಾಯಿ ಮುಚ್ಚಿಸುವುದಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿಕೊಂಡದ್ದೂ ಒಂದು ಗೋಳಿನ ಕೀರ್ತನೆಯ ಮೊದಲ ಮಾತನ್ನೇ. ಹಾರೋಬೆಲೆಯಲ್ಲಿ ತಲೆಮಾರುಗಳಿಂದ ತಪಸ್ಸುಕಾಲದಲ್ಲಿ ಆಡುತ್ತ ಬಂದಿರುವ, ಯೇಸುವಿನ ಯಾತನೆಯ ಕತೆ ಹೇಳುವ ಮಹಿಮೆ ನಾಟಕ, ಶುಭ ಶುಕ್ರವಾರ ಕಪಾಲಬೆಟ್ಟದಲ್ಲಿ ಜನ ಮಾಡುವ ಶಿಲುಬೆಯ ಹಾದಿ, ಇವುಗಳ ಬಲವೂ ಇಲ್ಲಿಯೇ ಇದೆ ಎಂದು ನನ್ನ ಎಣಿಕೆ. ಊರವರೇ ಬಣ್ಣ ಹಚ್ಚಿ ಆಡುವ ಆ ನಾಟಕದಲ್ಲಿ ಮಗನನ್ನು ಕಳೆದುಕೊಂಡ ತಾಯಿ, ಹೆದರಿ ಗುರುವನ್ನು ಅಲ್ಲಗಳೆದ ಶಿಷ್ಯ, ತಪ್ಪಿಲ್ಲವೆಂದು ಗೊತ್ತಿದ್ದೂ ಶಿಕ್ಷೆ ಕೊಟ್ಟ ಅಧಿಕಾರಿ ಎಲ್ಲರೂ ನೋಡುವವರಿಗೆ ಪರಿಚಿತರು. ನನ್ನ ನೋವು ಇಲ್ಲಿ ಮೊದಲೇ ನಡೆದುಹೋಗಿದೆ, ದೇವರ ಮೇಲೆಯೇ ನಡೆದಿದೆ ಎಂಬ ತಿಳಿವು ಕೊಡುವ ಧೈರ್ಯ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಗಿಂತ ಆಳವಾದದ್ದು.

ಹಾಗಾದರೆ ಬೆಳವಣಿಗೆ? ಪ್ರಾರ್ಥಿಸಿದಾಗ ಮನಸ್ಸು ತುಂಬಿಬರಬೇಕು, ಕಣ್ಣು ಒದ್ದೆಯಾಗಬೇಕು, ಇಲ್ಲದಿದ್ದರೆ ಭಕ್ತಿ ಕಡಿಮೆಯಾಗಿದೆ ಎಂದು ಕಳವಳಪಡುವವರು ಬಹಳ. ರಾಮನಗರದ ರೇಷ್ಮೆ ರೈತರಿಗೆ ಇದಕ್ಕೆ ಉತ್ತರ ಗೊತ್ತಿದೆ. ಹುಳು ಸೊಪ್ಪು ಮೇಯುವಾಗಲೇ ಬೆಳೆಯುತ್ತದೆ ಎನಿಸುತ್ತದೆ, ಆದರೆ ನಡುನಡುವೆ ನಾಲ್ಕು ಸಲ ಅದು ಮೇವು ಬಿಟ್ಟು ಅಲುಗದೆ ನಿಲ್ಲುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ಆಗ ತಟ್ಟೆಯನ್ನು ಕದಲಿಸುವುದಿಲ್ಲ, ಸೊಪ್ಪು ಹಾಕುವುದಿಲ್ಲ, ಕಾಯುತ್ತಾರೆ. ಆ ನಿಶ್ಚಲತೆಯಲ್ಲೇ ಹಳೆಯ ಚರ್ಮ ಕಳಚುತ್ತದೆ. ಜೆಸ್ವಿಟ್ ಸಂಘದ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ ತನ್ನ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿ (ಅದು ಅಚ್ಚಾದದ್ದು 1548ರಲ್ಲಿ) ಹೇಳುವ ಸೂತ್ರವೂ ಇದಕ್ಕೆ ಹತ್ತಿರ. ಮನಸ್ಸು ಬರಡಾದ ದಿನಗಳಲ್ಲಿ ಮೊದಲು ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬೇಡ, ಪ್ರಾರ್ಥನೆಯನ್ನು ಕಡಿಮೆ ಮಾಡಬೇಡ. ಅದೇ ಇಗ್ನೇಷಿಯಸ್ ದಿನಕ್ಕೊಂದು ಆತ್ಮಶೋಧನೆಯ ಕ್ರಮವನ್ನೂ ಕಲಿಸಿದ. ಕಳೆದ ಹೊತ್ತನ್ನು ತಿರುಗಿ ನೋಡಿ ಯಾವುದಕ್ಕೆ ಕೃತಜ್ಞತೆ ಹೇಳಬೇಕು, ಎಲ್ಲಿ ಎಡವಿದೆ, ನಾಳೆ ಏನು ಸರಿಪಡಿಸಬೇಕು ಎಂದು ಕೇಳಿಕೊಳ್ಳುವ ಸರಳ ಕ್ರಮ ಅದು. ಇದಕ್ಕೆ ಕಾಲು ಗಂಟೆ ಸಾಕು, ಓದು ಬರಹ ಬೇಕಿಲ್ಲ. ಮದರ್ ತೆರೇಸಾರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತು ಬೆಚ್ಚಿತು. ಕೋಲ್ಕತ್ತದ ಬೀದಿಗಳಲ್ಲಿ ಕೆಲಸ ಶುರುಮಾಡಿದ ಕಾಲದಿಂದ ಮುಂದೆ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಅವರಿಗೆ ಇರಲಿಲ್ಲವೆಂದು ಅವು ತಿಳಿಸಿದವು. ಕೆಲವರು ಅದನ್ನು ಕಪಟವೆಂದರು. ನನಗೆ ಅದರಲ್ಲಿ ಕಾಣುವುದು ಅನುಭವವಿಲ್ಲದೆಯೂ ಕೆಲಸ ಬಿಡದ ನಿಷ್ಠೆ. ಬೆಳವಣಿಗೆಯನ್ನು ಭಾವದ ಉಬ್ಬರದಿಂದ ಅಳೆದರೆ ಅವರು ಸೋತವರು, ಸಾಯುವವರ ಪಕ್ಕ ಕೂತ ಗಂಟೆಗಳಿಂದ ಅಳೆದರೆ ಸೋತವರಲ್ಲ.

ಇಷ್ಟೆಲ್ಲ ಒಳಗಿನವರ ಮಾತಾಯಿತು, ಹೊರಗಿನ ಪುರಾವೆ ಏನು ಎಂದು ಓದುಗರು ಕೇಳುವುದು ನ್ಯಾಯ. ಅಮೆರಿಕದ ಸಮಾಜವಿಜ್ಞಾನಿಗಳಾದ ಚೇಯೂನ್ ಲಿಮ್ ಮತ್ತು ರಾಬರ್ಟ್ ಪುಟ್ನಮ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಹಿಡಿಯಿತು. ಧಾರ್ಮಿಕರು ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಹೇಳಿಕೊಳ್ಳುವುದು ನಿಜ, ಆದರೆ ಆ ತೃಪ್ತಿಯ ಮೂಲ ಎಲ್ಲಿ? ಅವರ ಉತ್ತರ ಸ್ಪಷ್ಟವಾಗಿತ್ತು. ನಿಯಮಿತವಾಗಿ ಆರಾಧನೆಗೆ ಹೋಗುವುದು ಮತ್ತು ಆ ಸಭೆಯೊಳಗೇ ಆಪ್ತ ಸ್ನೇಹಿತರಿರುವುದು, ಇವೆರಡೂ ಕೂಡಿದಾಗ ತೃಪ್ತಿ ಏರುತ್ತದೆ. ಸ್ನೇಹಿತರಿಲ್ಲದೆ ಬರೀ ಹೋಗಿಬರುವವರಲ್ಲಿ ಆ ಏರಿಕೆ ಕಾಣಲಿಲ್ಲ. ಹಾರ್ವರ್ಡಿನ ಸಂಶೋಧಕರು 2016ರಲ್ಲಿ 74,534 ದಾದಿಯರ ದೀರ್ಘಕಾಲದ ಆರೋಗ್ಯ ದಾಖಲೆಗಳನ್ನು ನೋಡಿ ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಆರಾಧನೆಗೆ ಹೋಗುವವರಲ್ಲಿ ಅಧ್ಯಯನದ ಅವಧಿಯ ಸಾವಿನ ಪ್ರಮಾಣ, ಎಂದೂ ಹೋಗದವರಿಗಿಂತ ಶೇಕಡ 33ರಷ್ಟು ಕಡಿಮೆ ಎಂದು ಕಂಡರು. ಇದನ್ನು ಎತ್ತಿಹಿಡಿದು ದೇವರ ಅಸ್ತಿತ್ವಕ್ಕೆ ವಿಜ್ಞಾನದ ಸಾಕ್ಷಿ ಎಂದು ಭಾಷಣ ಮಾಡುವುದು ತಪ್ಪು. ಇದು ಗಮನಿಸಿ ಲೆಕ್ಕ ಹಾಕಿದ ಅಧ್ಯಯನ, ಕಾರಣವನ್ನು ಖಚಿತವಾಗಿ ಸಾಧಿಸುವ ಪ್ರಯೋಗವಲ್ಲ. ಅದರಲ್ಲಿದ್ದವರು ಬಹುಪಾಲು ಅಮೆರಿಕದ ಬಿಳಿಯ ಕ್ರೈಸ್ತ ಮಹಿಳೆಯರು. ಹಾರೋಬೆಲೆಯ ರಾಗಿ ಹೊಲದ ಹೆಂಗಸಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಈ ಎರಡು ಅಧ್ಯಯನಗಳು ಒಂದೇ ಕಡೆಗೆ ಕೈತೋರುತ್ತವೆ, ಕೂಡಿಬರುವ ರೂಢಿಯ ಕಡೆಗೆ.

ಈಗ ಆಕ್ಷೇಪಗಳಿಗೆ ಬರೋಣ. ಇದೆಲ್ಲ ಬಡವರಿಗೆ ಕೊಡುವ ಅಮಲು, ಅನ್ಯಾಯವನ್ನು ಸಹಿಸಿಕೊಳ್ಳುವಂತೆ ಮಾಡುವ ಉಪಾಯ ಎಂಬುದು ಮೊದಲನೆಯದು. 1844ರಲ್ಲಿ ಧರ್ಮವನ್ನು ಅಫೀಮಿಗೆ ಹೋಲಿಸಿದ ಮಾರ್ಕ್ಸ್ ಅದೇ ಜಾಗದಲ್ಲಿ ಅದು ತುಳಿಯಲ್ಪಟ್ಟವರ ನಿಟ್ಟುಸಿರು ಕೂಡ ಎಂದಿದ್ದ, ಅದನ್ನು ಜನ ಮರೆಯುತ್ತಾರೆ. ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪರಲೋಕದ ಭರವಸೆಯನ್ನು ಇಹದ ಕೂಲಿಯ ಬದಲಿಗೆ ಕೊಟ್ಟ ಧರ್ಮಗುರುಗಳು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಆದರೆ ಕರ್ನಾಟಕದ ಅನುಭವ ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಂಗಳೂರಿಗೆ 1854ರಲ್ಲಿ ಬಂದ ಗುಡ್ ಶೆಫರ್ಡ್ ಸಂಘದ ಕನ್ಯಾಸ್ತ್ರೀಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಬೆಂಗಳೂರಿನಿಂದ ಮಾಗಡಿಗೆ ಹೋಗುವ ರಸ್ತೆಯಲ್ಲೇ ಇರುವ ಸುಮನಹಳ್ಳಿ 1970ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳಿಗಾಗಿ ಎದ್ದು ನಿಂತ ನೆಲೆ. ಮನೆಯವರೇ ಹೊರಗಟ್ಟಿದವರಿಗೆ ಚಿಕಿತ್ಸೆಯ ಜೊತೆಗೆ ಕಸುಬು ಕಲಿಸಿ ಮತ್ತೆ ಸಂಪಾದನೆಗೆ ಹಚ್ಚುವ ಕೆಲಸ ಅಲ್ಲಿ ನಡೆಯಿತು. ಬರೀ ಮತ್ತಿನಲ್ಲಿದ್ದವರು ಹುಣ್ಣು ತೊಳೆಯುವುದಿಲ್ಲ. ಇದೇ ಮಾತಿಗೆ ಇನ್ನೊಂದು ಸಾಕ್ಷಿ ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಕಾರ್ಕಳದ ಮಾಳ ಮೂಲದ ಕುಟುಂಬದಲ್ಲಿ ಹುಟ್ಟಿದ ಈಕೆ ಬರದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಆಮೇಲೆ ಅಣ್ಣನನ್ನೂ ಗಂಡನನ್ನೂ ಕಳೆದುಕೊಂಡು, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ನಂಬಿಕೆಗೆ ಬಂದ ಮೇಲೂ ಪಾದ್ರಿಗಳ ಮಾತನ್ನು ತಲೆಬಾಗಿ ಒಪ್ಪಲಿಲ್ಲ, ತ್ರಯೇಕತ್ವದ ಸಿದ್ಧಾಂತದಿಂದ ಹಿಡಿದು ಹೆಣ್ಣಿಗಿರುವ ಅಧಿಕಾರದವರೆಗೆ ಪತ್ರಗಳಲ್ಲಿ ವಾದಿಸಿದರು. 1890ರ ದಶಕದ ಬರಗಾಲದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಸಾವಿನಿಂದ ತಂದು ಪುಣೆ ಬಳಿಯ ಕೇಡಗಾಂವದಲ್ಲಿ ಸಾಕಿ ಓದಿಸಿದರು. ನಂಬಿಕೆ ಆಕೆಯ ಪ್ರಶ್ನೆಯನ್ನು ತಣಿಸಿ ಮಲಗಿಸಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ, ಏಕೆಂದರೆ ಅದು ನಂಬಿಕೆ ಕೆಲವೊಮ್ಮೆ ನೇರವಾಗಿ ಹಾನಿ ಮಾಡುತ್ತದೆ ಎನ್ನುತ್ತದೆ. ಇದು ನಿಜ. ಮನಶ್ಶಾಸ್ತ್ರಜ್ಞ ಕೆನ್ನೆತ್ ಪರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆಗೆ ದಾಖಲಾದ ವಯಸ್ಸಾದ ರೋಗಿಗಳನ್ನು ಎರಡು ವರ್ಷ ಅನುಸರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇವರು ನನ್ನನ್ನು ಕೈಬಿಟ್ಟಿದ್ದಾನೆ, ನನ್ನ ಮೇಲೆ ಅವನಿಗೆ ಪ್ರೀತಿಯಿಲ್ಲ, ಈ ರೋಗ ಸೈತಾನನ ಕೆಲಸ ಎಂದುಕೊಂಡವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಅಂದರೆ ಧರ್ಮದ ಹೆಸರಿನಲ್ಲಿ ಹೇಳಿದ್ದೆಲ್ಲ ಧೈರ್ಯವಾಗುವುದಿಲ್ಲ. ಕಾಯಿಲೆ ಬಿದ್ದವರಿಗೆ ನಿನ್ನ ನಂಬಿಕೆ ಸಾಲದು ಎನ್ನುವವರು, ಕಾಣಿಕೆ ಹಾಕಿದರೆ ಸಾಲ ತೀರುತ್ತದೆ ಎನ್ನುವವರು, ಖಿನ್ನತೆಗೆ ಮಾತ್ರೆ ಬೇಡ ಪ್ರಾರ್ಥನೆ ಸಾಕು ಎನ್ನುವವರು ಎಲೀಯನಿಗೆ ರೊಟ್ಟಿ ಕೊಟ್ಟ ದೂತನ ಕಡೆಯವರಲ್ಲ, ಯೋಬನ ಗಾಯಕ್ಕೆ ಉಪ್ಪು ಸವರಿದ ಮೂವರು ಗೆಳೆಯರ ಕಡೆಯವರು. ಆ ಗೆಳೆಯರ ಮೇಲೆ ದೇವರು ಸಿಟ್ಟಾದನೆಂದು ಯೋಬನ ಗ್ರಂಥವೇ ಹೇಳುತ್ತದೆ. ಅವರು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಮೊದಲ ಏಳು ದಿನ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತದ್ದು. ಬೆಂಗಳೂರಿನ ನಿಮ್ಹಾನ್ಸಿಗೆ ಕರೆದುಕೊಂಡು ಹೋಗುವುದು, ಜೊತೆಗೆ ಬಸ್ಸು ಹತ್ತುವುದು, ಮಾತ್ರೆ ನುಂಗುವುದನ್ನು ನೆನಪಿಸುವುದು ಪ್ರಾರ್ಥನೆಗೆ ಬದಲಿ ಅಲ್ಲ, ವಿರೋಧವೂ ಅಲ್ಲ. ಕ್ರೈಸ್ತ ಅರ್ಥದಲ್ಲಿ ಅದು ಪ್ರಾರ್ಥನೆಯ ಮುಂದುವರಿಕೆ.

ಇಂಥ ಧೈರ್ಯ ವಚನಗಳಲ್ಲಿ, ದಾಸರ ಪದಗಳಲ್ಲಿ, ಸೂಫಿ ದರ್ಗಾಗಳಲ್ಲಿ ಸಿಗುವುದಿಲ್ಲವೇ, ಇದರಲ್ಲಿ ಕ್ರೈಸ್ತರದ್ದು ಎನ್ನುವಂಥದ್ದು ಏನಿದೆ ಎಂದು ಕೇಳುವವರೂ ಇದ್ದಾರೆ. ಸಿಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಸತ್ಸಂಗದ ಬಲ ಯಾವ ಒಂದು ಧರ್ಮದ ಸೊತ್ತೂ ಅಲ್ಲ. ದೋರ್ನಹಳ್ಳಿಯ ಸಂತ ಅಂತೋಣಿಯವರ ಗುಡಿಗೆ ಜೂನ್ 13ರ ಹಬ್ಬದಂದು, ಬೆಂಗಳೂರಿನ ಶಿವಾಜಿನಗರದ ಮರಿಯಮ್ಮನವರ ಬಸಿಲಿಕಕ್ಕೆ ಸೆಪ್ಟೆಂಬರ್ 8ರಂದು ಬಂದು ಮೇಣದ ಬತ್ತಿ ಹಚ್ಚುವವರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ, ಅವರಿಗೆ ಈ ಗಡಿಗೆರೆ ಮುಖ್ಯವೂ ಅಲ್ಲ. ಆದರೆ ಪ್ರತಿ ಪರಂಪರೆಯೂ ಧೈರ್ಯಕ್ಕೆ ತನ್ನದೇ ಆಕಾರ ಕೊಡುತ್ತದೆ. ಕ್ರೈಸ್ತ ಆಕಾರದಲ್ಲಿ ನಡುವೆ ಇರುವುದು ಸೋತಂತೆ ಕಂಡ, ಶಿಲುಬೆಗೇರಿದ ದೇವರು. ಅವನ ನೆನಪಿಗೆ ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುವ ಪಂಕ್ತಿ. ಆ ಪಂಕ್ತಿಗೆ ಬರುವ ಮೊದಲು ಅಣ್ಣತಮ್ಮನ ಜೊತೆಗಿನ ಜಗಳ ಬಗೆಹರಿಸಿಕೊಂಡು ಬಾ ಎಂಬ ಯೇಸುವಿನ ಕಟ್ಟಪ್ಪಣೆ. ಕ್ಷಮೆ ಇಲ್ಲಿ ಮನಸ್ಸಿನ ಔದಾರ್ಯಕ್ಕೆ ಬಿಟ್ಟ ಸಂಗತಿಯಲ್ಲ, ಆರಾಧನೆಯ ಬಾಗಿಲಲ್ಲೇ ಇಟ್ಟಿರುವ ಷರತ್ತು.

ಆ ಬಾಗಿಲಲ್ಲೇ ಭಾರತದ ಕ್ರೈಸ್ತ ಸಭೆ ಎಡವಿದ್ದೂ ಹೌದು. ಕನ್ನಡನಾಡೂ ಸೇರಿದಂತೆ ದಕ್ಷಿಣ ಭಾರತದ ಹಲವು ಕಡೆ ಜಾತಿ ದೇವಾಲಯದ ಒಳಗೂ ಬಂದು ಕೂತಿತು. ಕೂರುವ ಜಾಗ, ಮದುವೆ ಸಂಬಂಧ, ಕೆಲವು ಕಡೆ ಹೂಳುವ ನೆಲ ಕೂಡ ಬೇರೆಯಾಯಿತು. ಜೆಸ್ವಿಟ್ ಸನ್ಯಾಸಿಗಳು ಮೇಲ್ಜಾತಿಯವರಿಗೆ ಹತ್ತಿರವಾಗಲು ಆರಿಸಿಕೊಂಡ ವೇಷ ನಡೆನುಡಿಗಳೇ ಈ ಗೋಡೆಗೆ ಒಂದಿಷ್ಟು ಮಣ್ಣು ಹಾಕಿದವು ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಇತ್ತ 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ದಲಿತ ಕ್ರೈಸ್ತರಿಗೆ ಇಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ಸಿಕ್ಕಿತು. ಸರ್ಕಾರ ನೀವು ಕ್ರೈಸ್ತರು, ನಿಮ್ಮಲ್ಲಿ ಜಾತಿ ಇಲ್ಲ ಎನ್ನುತ್ತದೆ, ನೆರೆಯ ಕ್ರೈಸ್ತ ನೀನು ಯಾವ ಜಾತಿ ಎನ್ನುತ್ತಾನೆ. ಈ ಎರಡರ ನಡುವೆ ಸಿಕ್ಕವನಿಗೆ ಪ್ರಸಂಗಪೀಠದಿಂದ ಬರುವ ಸಮಾಧಾನದ ಮಾತು ಹೇಗೆ ಧೈರ್ಯವಾದೀತು? ಧೈರ್ಯ ಪಕ್ಕದವನಿಂದ ಬರುತ್ತದೆ ಎಂಬ ನನ್ನ ವಾದ ಸರಿಯಾಗಿದ್ದರೆ, ಪಕ್ಕದಲ್ಲಿ ಕೂರಲು ಒಪ್ಪದವನು ಕದಿಯುವುದು ಅದೇ ಧೈರ್ಯವನ್ನು. ಜಾತಿಯನ್ನು ಸಾಮಾಜಿಕ ಸಮಸ್ಯೆ ಎಂದು ಬದಿಗಿಟ್ಟು ಆಧ್ಯಾತ್ಮಿಕ ಬೆಳವಣಿಗೆಯ ಶಿಬಿರ ನಡೆಸುವ ಸಭೆ ತನ್ನ ಬೆಳವಣಿಗೆಯನ್ನು ತಾನೇ ತಡೆದುಕೊಂಡಿದೆ.

ಕನಕಪುರ, ಚನ್ನಪಟ್ಟಣ, ಮಾಗಡಿಯ ಕ್ರೈಸ್ತ ಕುಟುಂಬಗಳಿಗೆ ಈಗ ಎದುರಾಗಿರುವ ಪರೀಕ್ಷೆ 18ನೇ ಶತಮಾನದ್ದಕ್ಕಿಂತ ಬೇರೆ. ಆಗ ಗುರುಗಳಿರಲಿಲ್ಲ, ಮನೆಮಂದಿ ಒಂದೆಡೆ ಇದ್ದರು. ಈಗ ಗುರುಗಳಿದ್ದಾರೆ, ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಬಲಿಪೂಜೆಯೂ ಕನ್ನಡದಲ್ಲೇ ನಡೆಯುತ್ತದೆ, ಬೈಬಲ್ ಜೇಬಿನಲ್ಲಿದೆ. ಚದುರಿಹೋದದ್ದು ಮನೆ. ಬಿಡದಿಯ ಕಾರ್ಖಾನೆಗಳಲ್ಲಿ ಪಾಳಿ ಕೆಲಸ, ಬೆಂಗಳೂರಿನ ಬಾಡಿಗೆ ಕೋಣೆ, ಭಾನುವಾರವೂ ರಜೆಯಿಲ್ಲದ ಅಂಗಡಿ ಮತ್ತು ಆಸ್ಪತ್ರೆಯ ಕೆಲಸ, ಇವುಗಳ ನಡುವೆ ಸಂಜೆ ಕೂಡಿ ಜಪಸರ ಹೇಳುವ ಹೊತ್ತು ಯಾವುದು? ಬೆಳಗಿನ ಮೊಬೈಲಿನ ವಾಕ್ಯ ಆ ಖಾಲಿ ಜಾಗಕ್ಕೇ ಬಂದು ಕೂತಿದೆ. ಅದನ್ನು ಬಿಡಿ ಎನ್ನುವುದಕ್ಕಿಂತ ಅದಕ್ಕೊಂದು ಮುಖ ಕೊಡಿ ಎನ್ನುವುದು ಲೇಸು. ಹರ್ನ್‌ಹುಟ್ ಎಂಬ ಜರ್ಮನ್ ಊರಿನಲ್ಲಿ ಮೊರೇವಿಯನ್ ಕ್ರೈಸ್ತರು 1728ರಲ್ಲಿ ದಿನಕ್ಕೊಂದು ವಾಕ್ಯದ ರೂಢಿ ಶುರುಮಾಡಿದಾಗ ಅದನ್ನು ಒಬ್ಬರು ಮನೆಮನೆಗೆ ಹೋಗಿ ಬಾಯಲ್ಲಿ ಹೇಳಿ, ಆ ಮನೆಯವರ ಕಷ್ಟಸುಖ ಕೇಳಿಕೊಂಡು ಬರುತ್ತಿದ್ದರು. ಅಚ್ಚಾದ ಪುಸ್ತಕವಾದದ್ದು 1731ರಲ್ಲಿ, ಆಮೇಲೆ. ನಮ್ಮ ಧರ್ಮಕೇಂದ್ರಗಳಲ್ಲಿ ಹತ್ತು ಹದಿನೈದು ಮನೆ ಸೇರಿಸಿ ನಡೆಸುವ ಕಿರು ಕ್ರೈಸ್ತ ಸಮುದಾಯಗಳು ಇದನ್ನೇ ಮಾಡಬಲ್ಲವು. ಆದರೆ ಅವು ಹಬ್ಬಕ್ಕೆ ಚಂದಾ ಎತ್ತುವ, ಗುಡಿ ಅಲಂಕಾರದ ಸರದಿ ಹಂಚುವ ಸಮಿತಿಗಳಾಗಿ ಕುಗ್ಗುವ ಅಪಾಯ ಇದ್ದೇ ಇದೆ. ರಾತ್ರಿ ಪಾಳಿ ಮುಗಿಸಿ ಬರುವ ಹುಡುಗ ಎರಡು ವಾರದಿಂದ ಪೂಜೆಗೆ ಬಂದಿಲ್ಲ ಎಂದರೆ ಮೂರನೆಯ ವಾರ ಯಾರು ಹೋಗಿ ಬಾಗಿಲು ತಟ್ಟುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡ ಸಮುದಾಯಕ್ಕೆ ಬೇರೆ ಕಾರ್ಯಕ್ರಮ ಬೇಕಾಗುವುದಿಲ್ಲ. ತಟ್ಟುವವರು ಗುರುಗಳೇ ಆಗಬೇಕಿಲ್ಲ, ಬೈಬಲ್ ಓದಿ ಪಳಗಿದವರೂ ಆಗಬೇಕಿಲ್ಲ. ಹೋದವರು ಕೇಳಬೇಕಾದದ್ದು ಏಕೆ ಬರಲಿಲ್ಲ ಎಂದಲ್ಲ, ಊಟ ಆಯಿತೇ ಎಂದು.